ಬೆಲ್ಲಿ ಒಪ್ಪಿಕೊಂಡ ತಪ್ಪು

ಅದು ಏಪ್ರಿಲ್ ತಿಂಗಳು. ಅಮ್ಮ ಬೆಳಗ್ಗೆಯೇ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟು ಬಂದಿದ್ದರು. ಮಧ್ಯಾಹ್ನ ಊಟ ಮುಗಿಸಿ ಮೇಲೆ ಹೋಗಿ ನೋಡಿದರೆ ಪಂಚೆ ಒಂದು ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದೆ. ಅರ್ಧಕ್ಕರ್ಧ ಸಂಡಿಗೆ ಇಲ್ಲ. ನೀರಿನ ಟ್ಯಾಂಕಿನ ನೆರಳಲ್ಲಿ ನಮ್ಮ ನಾಯಿ ಬೆಲ್ಲಿ ಮಲಗಿದ್ದಳು.

"ಏನೇ ಇದು?" ಅಂದರು ಅಮ್ಮ, ಸೊಂಟದ ಮೇಲೆ ಕೈಯಿಟ್ಟು.

ಅಷ್ಟೇ. ಬೆಲ್ಲಿಯ ಕಿವಿ ಹಿಂದಕ್ಕೆ ಮಡಚಿಕೊಂಡವು. ಬಾಲ ಕಾಲಿನ ಸಂದಿಗೆ ಹೋಯಿತು. ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತಾ, ನಾಲಿಗೆಯಿಂದ ಮೂಗು ಸವರಿಕೊಂಡಳು. ಆಮೇಲೆ ನೆಲಕ್ಕೆ ಅಂಟಿಕೊಂಡ ಹಾಗೆ ತೆವಳುತ್ತಾ ಬಂದು ಅಮ್ಮನ ಕಾಲ ಹತ್ತಿರ ಹೊಟ್ಟೆ ತೋರಿಸಿ ಮಲಗಿದಳು.

"ನೋಡು ಅದರ ಮುಖ! ಮಾಡಿದ್ದು ತಪ್ಪು ಅಂತ ಅದಕ್ಕೇ ಗೊತ್ತು" ಅಂದರು ಅಮ್ಮ. ನನಗೂ ಹಾಗೇ ಅನ್ನಿಸಿತು. ಇಬ್ಬರೂ ಸೇರಿ ಚೆನ್ನಾಗಿ ಬೈದೆವು.

ಸಂಜೆ ಹಿಂದಿನ ಬೀದಿಯ ಆಂಟಿ ಹೂವು ಕೊಡಲು ಬಂದರು. "ನಿಮ್ಮನೆ ಸಂಡಿಗೇನೂ ಬಿಡಲಿಲ್ಲ ನೋಡಿ ಆ ಕೋತಿಗಳು. ಏಳೆಂಟು ಇದ್ವು. ನಾಯಿ ಪಾಪ ಹೆದರಿ ಟ್ಯಾಂಕ್ ಹಿಂದೆ ಸೇರ್ಕೊಂಡಿತ್ತು" ಅಂದರು. ನಮ್ಮದು ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮಗ್ಗುಲಿನ ಬಡಾವಣೆ. ಕೋತಿಗಳು ಬರುವುದು ಹೊಸದೇನಲ್ಲ. ನಮಗೆ ಅದು ಹೊಳೆಯಲೇ ಇಲ್ಲ, ಯಾಕೆಂದರೆ ಬೆಲ್ಲಿ ಒಪ್ಪಿಕೊಂಡುಬಿಟ್ಟಿದ್ದಳು.

ಅಮ್ಮನಿಗೆ ಅವತ್ತು ರಾತ್ರಿ ಊಟ ಸೇರಲಿಲ್ಲ. "ಪಾಪದ್ದು, ಬಾಯಿಲ್ಲದ್ದು" ಅಂತ ನಾಲ್ಕು ಸಲ ಅಂದಿರಬೇಕು. ನನಗೆ ಬೇರೆಯದೇ ಒಂದು ವಿಷಯ ಕೊರೆಯುತ್ತಿತ್ತು. ಎರಡು ವರ್ಷದಿಂದ ಒಂದೇ ಮನೆಯಲ್ಲಿ ಇದ್ದೇವೆ. ಆ ಮುಖವನ್ನು ದಿನಾ ನೋಡುತ್ತೇವೆ. ಹಾಗಿದ್ದೂ ಅದರಲ್ಲಿ ಇಲ್ಲದ್ದನ್ನು ಓದಿದೆವಲ್ಲ, ಹೇಗೆ?

ಹುಡುಕುತ್ತಾ ಹೋದಾಗ ಒಂದು ಪ್ರಯೋಗದ ವಿವರ ಸಿಕ್ಕಿತು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ್ದು. 14 ಸಾಕುನಾಯಿಗಳು, ಅವುಗಳ ಮನೆಯವರು. ಮನೆಯವರು ತಿಂಡಿಯ ಒಂದು ತುಂಡು ಇಟ್ಟು "ತಿನ್ನಬೇಡ" ಅಂತ ಹೇಳಿ ಹೊರಗೆ ಹೋಗಬೇಕು. ಅವರು ಇಲ್ಲದಾಗ ಕೆಲವು ಸಲ ನಾಯಿ ಅದನ್ನು ತಿನ್ನುತ್ತಿತ್ತು, ಕೆಲವು ಸಲ ತಿನ್ನುತ್ತಿರಲಿಲ್ಲ. ವಾಪಸ್ ಬಂದವರಿಗೆ ಒಮ್ಮೆ ನಿಜ ಹೇಳುತ್ತಿದ್ದರು, ಒಮ್ಮೆ ಸುಳ್ಳು. 'ತಿಂದಿದೆ' ಅಂತ ಕೇಳಿದವರು ನಾಯಿಗೆ ಬೈಯುತ್ತಿದ್ದರು. ಆಗ ನಾಯಿಯ ಮುಖ, ಮೈ ಹೇಗಿದ್ದವು ಅಂತ ವಿಡಿಯೋ ನೋಡಿ ಲೆಕ್ಕ ಹಾಕಿದರು. ನಾವು 'ತಪ್ಪು ಮಾಡಿದ ಮುಖ' ಅನ್ನುವುದು ಕಾಣಿಸಿದ್ದು ಬೈಸಿಕೊಂಡಾಗ. ನಿಜವಾಗಿ ತಿಂದಿದ್ದಕ್ಕೂ ಆ ಮುಖಕ್ಕೂ ಸಂಬಂಧವೇ ಇರಲಿಲ್ಲ. ಏನೂ ತಿನ್ನದೆ ಸುಮ್ಮನೆ ಬೈಸಿಕೊಂಡಾಗ ಆ ಮುಖ ಇನ್ನೂ ಜಾಸ್ತಿ ಕಾಣಿಸಿತಂತೆ.

ಓದುತ್ತಾ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ತಾರಸಿ. ನಾಯಿಗೆ ತಪ್ಪಿನ ಅರಿವೇ ಇಲ್ಲ ಅಂತ ಈ ಪ್ರಯೋಗ ಹೇಳುವುದಿಲ್ಲ. ಆ ಮುಖ ನೋಡಿ ನಾವು ಅದನ್ನು ತಿಳಿಯಲಾರೆವು ಅಂತ ಮಾತ್ರ ಹೇಳುತ್ತದೆ. ಮಡಚಿದ ಕಿವಿ, ಮೂಗು ನೆಕ್ಕುವುದು, ಮುಖ ತಿರುಗಿಸುವುದು ಎಲ್ಲ ಸೇರಿ ಬೆಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: 'ನೀವು ಕೋಪದಲ್ಲಿದ್ದೀರಿ, ನನಗೆ ಭಯವಾಗುತ್ತಿದೆ, ದಯವಿಟ್ಟು ಸಮಾಧಾನ ಮಾಡಿಕೊಳ್ಳಿ.' ಅವಳು ಅಮ್ಮನ ಸೊಂಟದ ಮೇಲಿನ ಕೈಯನ್ನೂ ದನಿಯನ್ನೂ ಸರಿಯಾಗಿಯೇ ಓದಿದ್ದಳು. ಓದುವುದರಲ್ಲಿ ಎಡವಿದವರು ನಾವು.

ಬೆಲ್ಲಿಯನ್ನು 'ಅವಳು' ಅಂತ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಕರೆಯುವುದೇ ಹಾಗೆ. ನಮ್ಮ ಅಜ್ಜಿ ಇದ್ದಿದ್ದರೆ 'ಅದು' ಅಂತಲೇ ಅನ್ನುತ್ತಿದ್ದರು. ಆದರೂ ನಾಯಿಯನ್ನು ಓದುವುದರಲ್ಲಿ ಅಜ್ಜಿಯಷ್ಟು ಚೆನ್ನಾಗಿ ತಿಳಿದವರನ್ನು ನಾನು ಬೇರೆ ನೋಡಿಲ್ಲ. ಅರಕಲಗೂಡಿನ ಹತ್ತಿರ ಅವರ ಊರು. ಹಿತ್ತಲ ಬಾಗಿಲಲ್ಲಿ ಒಂದು ಕಲ್ಲಿನ ಮರಿಗೆ, ಅದರಲ್ಲಿ ದಿನಾ ಮಜ್ಜಿಗೆಗೆ ಕಿವುಚಿದ ರಾಗಿ ಮುದ್ದೆ. ತಿನ್ನಲು ಬರುತ್ತಿದ್ದವನು ಕರಿಯ. ಅವನು ಮನೆಯ ನಾಯಿಯೂ ಹೌದು, ಬೀದಿಯ ನಾಯಿಯೂ ಹೌದು. ಜಗಲಿಯ ಮೇಲೆ ಮಲಗುತ್ತಿದ್ದ, ಹೊಸಿಲು ದಾಟುತ್ತಿರಲಿಲ್ಲ. ನಾನು ಬೇರೆ ನಾಯಿಗಳ ಹತ್ತಿರ ಓಡಿದರೆ ಅಜ್ಜಿ ಕೂಗುತ್ತಿದ್ದರು: "ಬಾಲ ಆಡಿಸ್ತದೆ ಅಂತ ಕೈ ಹಾಕ್ಬೇಡ ಮಗ. ಬೆನ್ ನೋಡು, ಕಣ್ ನೋಡು."

ಬೆನ್ನು ಅಂದರೆ ಬೆನ್ನ ಮೇಲಿನ ಕೂದಲು ನಿಗುರಿದೆಯಾ ಅಂತ. ಬಾಲ ಆಡಿಸಿದರೆ ಸ್ನೇಹ ಅಂತಲೇ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಇಟಲಿಯ ಬಾರಿ ಊರಿನ ವಿಜ್ಞಾನಿಗಳು ತಮ್ಮ ಜೊತೆಗಾರರೊಂದಿಗೆ ಸೇರಿ 2007ರಲ್ಲಿ 30 ನಾಯಿಗಳ ಬಾಲವನ್ನು ಕ್ಯಾಮೆರಾದಲ್ಲಿ ಅಳೆದರು. ಮನೆಯವರನ್ನು ಕಂಡಾಗ ಬಾಲ ನಾಯಿಯ ಬಲಕ್ಕೆ ಹೆಚ್ಚು ವಾಲುತ್ತಿತ್ತು. ಗುರುತಿಲ್ಲದ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೆ ವಾಲುತ್ತಿತ್ತು. ಎರಡೂ ಬಾಲ ಆಡಿಸುವುದೇ, ಎರಡರ ಒಳಗಿನ ಮನಸ್ಸು ಬೇರೆ. ನಾಯಿ ಬಾಲ ಡೊಂಕು ಅಂತ ಗಾದೆ ಕಟ್ಟಿದ ನಾವು ಆ ಬಾಲ ಯಾವ ಕಡೆ ಆಡುತ್ತದೆ ಅಂತ ನೋಡಿರಲಿಲ್ಲ. ಮನೆಯಲ್ಲಿ ಕೂತು ಅದನ್ನು ಬರಿಗಣ್ಣಲ್ಲಿ ಹಿಡಿಯುವುದು ಕಷ್ಟ. ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಅಜ್ಜಿಯ ಬೆನ್ನು, ಕಣ್ಣಿನ ಲೆಕ್ಕವೇ ನಮಗೆ ಸುಲಭ.

ಈಗ ಹೇಳಲು ಕಷ್ಟವಾಗುವ ವಿಷಯಕ್ಕೆ ಬರುತ್ತೇನೆ. ಸಂಡಿಗೆಯ ಘಟನೆಗೂ ಒಂದು ವರ್ಷ ಮೊದಲಿನದು.

ಬೆಲ್ಲಿ ನಮಗೆ ಸಿಕ್ಕಿದ್ದು ಕಟ್ಟುತ್ತಿದ್ದ ಒಂದು ಮನೆಯ ಮರಳಿನ ರಾಶಿಯ ಮೇಲೆ, ಎರಡು ತಿಂಗಳ ಮರಿಯಾಗಿ. ಬೆಲ್ಲದ ಬಣ್ಣ ಅಂತ ಅಮ್ಮ ಬೆಲ್ಲಿ ಅಂದರು. ಹತ್ತು ತಿಂಗಳಾಗುವ ಹೊತ್ತಿಗೆ ಅವಳಿಗೆ ಒಂದು ಅಭ್ಯಾಸ ಬಂತು. ಊಟದ ತಟ್ಟೆಯ ಹತ್ತಿರ ಯಾರಾದರೂ ಹೋದರೆ ಗುರ್ ಅನ್ನುವುದು. ನಾನು ಒಬ್ಬ ತರಬೇತಿದಾರರ ಹತ್ತಿರ ಕರೆದುಕೊಂಡು ಹೋದೆ. ಅವರು ಹೇಳಿದ್ದು ಇಷ್ಟು: ನಾಯಿ ಅಂದರೆ ತೋಳ, ತೋಳದ ಗುಂಪಿಗೆ ಒಬ್ಬ ಯಜಮಾನ, ಆ ಜಾಗಕ್ಕೆ ಇವಳು ಕಣ್ಣು ಹಾಕಿದ್ದಾಳೆ. ಗುರ್ ಅಂದ ಕೂಡಲೇ ಕುತ್ತಿಗೆ ಹಿಡಿದು ಅಂಗಾತ ಬೀಳಿಸಿ, ಸುಮ್ಮನಾಗುವ ತನಕ ಒತ್ತಿ ಹಿಡಿಯಬೇಕು.

ನಾನು ಹಾಗೇ ಮಾಡಿದೆ. ಮೂರು ವಾರ ಮಾಡಿದೆ. ಬೆಲ್ಲಿ ಗುರ್ ಅನ್ನುವುದನ್ನು ನಿಲ್ಲಿಸಿದಳು. ಗೆದ್ದೆ ಅಂದುಕೊಂಡೆ. ನಾಲ್ಕನೇ ವಾರ ತಟ್ಟೆಯ ಪಕ್ಕ ಬಿದ್ದಿದ್ದ ಚಮಚ ತೆಗೆಯಲು ಬಗ್ಗಿದೆ. ಸದ್ದೇ ಇಲ್ಲದೆ ಕಚ್ಚಿದಳು. ಅಂಗೈಯಲ್ಲಿ ಎರಡು ಹಲ್ಲಿನ ಗುರುತು ಇನ್ನೂ ಇದೆ.

ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. 'ಇನ್ನು ಮುಂದೆ ಬರಬೇಡ' ಅಂತ ಹೇಳಲು ಅವಳಿಗಿದ್ದ ಮಾತು ಅದೊಂದೇ. ನಾನು ಆ ಮಾತನ್ನು ಕಿತ್ತುಕೊಂಡಿದ್ದೆ. ಒಳಗಿನ ಭಯ ಹಾಗೇ ಇತ್ತು, ಜೊತೆಗೆ ನನ್ನ ಕೈಯ ಭಯವೂ ಸೇರಿತ್ತು.

ಈ 'ಯಜಮಾನ' ಕತೆಯ ಹಿನ್ನೆಲೆ ತಿಳಿದಾಗ ಇನ್ನೂ ಸಂಕಟವಾಯಿತು. ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಬರೆದಿದ್ದರು. ಆವರಣದಲ್ಲಿ ಕೂಡಿಹಾಕಿದ ತೋಳಗಳು ಅವು, ಮೇಲು ಕೀಳಿಗೆ ಕಿತ್ತಾಡುತ್ತಿದ್ದವು. ಅಮೆರಿಕದ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಇದೇ ವಿಚಾರವನ್ನು ಹೇಳಿದರು. ಅದು ಎಲ್ಲೆಡೆ ಹರಡಿತು. ಆಮೇಲೆ ಅದೇ ಮೀಚ್ ಕೆನಡಾದ ಉತ್ತರ ತುದಿಯ ಎಲ್ಸ್‌ಮೀರ್ ದ್ವೀಪದಲ್ಲಿ ಕಾಡು ತೋಳಗಳ ಜೊತೆ ಬೇಸಿಗೆಗಳನ್ನು ಕಳೆದರು. ಅಲ್ಲಿ ಅವರು ಕಂಡ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು. ಯಾರೂ ಯಾರನ್ನೂ ಸೋಲಿಸಿ ಯಜಮಾನರಾಗಿರಲಿಲ್ಲ. ಮಕ್ಕಳು ಹುಟ್ಟಿದ್ದರಿಂದ ಹಿರಿಯರಾಗಿದ್ದರು. 1999ರಲ್ಲಿ ಅವರು ಇದನ್ನು ಬರೆದು, ಹಳೆಯ ಮಾತನ್ನು ಬಿಡಿ ಎಂದು ತಾವೇ ಕೇಳಿಕೊಂಡರು. ತಾನು ಹೇಳಿದ್ದನ್ನು ತಾನೇ ತಿದ್ದಲು ಧೈರ್ಯ ಬೇಕು. ಅವರ ಬಗ್ಗೆ ನನಗೆ ತುಂಬಾ ಗೌರವ.

2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 140 ನಾಯಿಗಳ ಮನೆಯವರನ್ನು ವಿಚಾರಿಸಿದರು. ನಾಯಿಯನ್ನು ಹೀಗೆ ಅಂಗಾತ ಒತ್ತಿ ಹಿಡಿದವರಲ್ಲಿ 31 ಶೇಕಡಾ ಜನ ನಾಯಿ ತಿರುಗಿಬಿದ್ದದ್ದನ್ನು ಕಂಡಿದ್ದರು. ನನ್ನ ಅನುಭವ ಆ 31ರಲ್ಲಿ ಸೇರುವಂಥದ್ದು. ಈ ಲೆಕ್ಕ ಪ್ರಕಟವಾಗಿ ಇಷ್ಟು ವರ್ಷವಾದರೂ ನಮ್ಮ ಪಾರ್ಕುಗಳಲ್ಲಿ ಅದೇ ಪಾಠ ನಡೆಯುತ್ತಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಸರಿಪಡಿಸಲು ಏಳು ತಿಂಗಳು ಹಿಡಿಯಿತು. ಮಾಡಿದ್ದು ಬಹಳ ಸಣ್ಣ ಕೆಲಸ. ಅವಳು ಉಣ್ಣುವಾಗ ದೂರ ನಿಂತು, ಬೇಯಿಸಿದ ಮೊಟ್ಟೆಯ ಒಂದು ಚೂರನ್ನು ತಟ್ಟೆಯ ಕಡೆ ಎಸೆದು ವಾಪಸ್ ಬರುವುದು. ದಿನಾ ಅಷ್ಟೇ. ವಾರಕ್ಕೊಂದು ಹೆಜ್ಜೆ ಹತ್ತಿರ. ಮನುಷ್ಯ ತಟ್ಟೆಯ ಹತ್ತಿರ ಬಂದರೆ ಊಟ ಹೋಗುವುದಿಲ್ಲ, ಇನ್ನೂ ಬರುತ್ತದೆ ಅಂತ ಅವಳಿಗೆ ಗೊತ್ತಾಗಬೇಕಿತ್ತು. ಒಂದು ದಿನ ನಾನು ಬಂದದ್ದನ್ನು ಕಂಡು ತಟ್ಟೆ ಬಿಟ್ಟು ತಲೆ ಎತ್ತಿ ನನ್ನ ಮುಖ ನೋಡಿದಳು. ಬೆನ್ನು ಸಡಿಲವಾಗಿತ್ತು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಮುಖ ನೋಡುವುದು ಸಣ್ಣ ಸಂಗತಿ ಅಲ್ವೇ ಅಲ್ಲ. ಹಂಗೇರಿಯ ಬುಡಾಪೆಸ್ಟಿನಲ್ಲಿ ಆಡಮ್ ಮಿಕ್ಲೋಶಿ ಮತ್ತು ಜೊತೆಯವರು ಕೈಯಾರೆ ಸಾಕಿದ ತೋಳಗಳಿಗೂ ನಾಯಿಗಳಿಗೂ ಬಿಡಿಸಲಾಗದ ಒಂದು ಒಗಟು ಕೊಟ್ಟರು. ಮಾಂಸ ಇದೆ, ಆದರೆ ಎಳೆದರೂ ಬರುವುದಿಲ್ಲ. ತೋಳಗಳು ಎಳೆಯುತ್ತಲೇ ಇದ್ದವು. ನಾಯಿಗಳು ಸ್ವಲ್ಪ ಹೊತ್ತು ಎಳೆದು, ತಿರುಗಿ ಮನುಷ್ಯನ ಮುಖ ನೋಡಿದವು. ಇದು 2003ರ ಮಾತು. 2019ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಇನ್ನೊಂದು ತಂಡ ನಾಯಿ ಮತ್ತು ತೋಳದ ಮುಖದ ಮಾಂಸಖಂಡಗಳನ್ನು ಬಿಡಿಸಿ ಹೋಲಿಸಿತು. ಒಳಹುಬ್ಬನ್ನು ಮೇಲೆತ್ತುವ ಒಂದು ಖಂಡ ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳದಲ್ಲಿ ಅದು ಕೆಲವು ನಾರುಗಳಷ್ಟೇ. ನಾವು ಕರಗಿಹೋಗುವ ಆ ದೈನ್ಯದ ನೋಟಕ್ಕೆ ಮುಖದಲ್ಲಿ ಒಂದು ಖಂಡವೇ ಬೆಳೆದಿದೆ. ನಮ್ಮ ಜೊತೆ ಬದುಕಿದ ಸಾವಿರಾರು ವರ್ಷಗಳಲ್ಲಿ ನಮ್ಮ ಕಡೆ ನೋಡುವುದು ಅದರ ಮೈಯನ್ನೇ ತಿದ್ದಿದೆ ಅಂದಾಗ ನನಗೆ ಮೈ ಜುಮ್ಮೆಂದಿತು.

ಅಮ್ಮ ಹೋಗಿ ಈಗ ನಾಲ್ಕು ವರ್ಷ. ಅದಾದ ಮೇಲೆ ಕೆಲವು ತಿಂಗಳು ಅಪ್ಪ ಮಾತು ಬಿಟ್ಟರು. ಕೇಳಿದರೆ 'ಹೂಂ', ಇಲ್ಲದಿದ್ದರೆ ಅದೂ ಇಲ್ಲ. ಹೃದಯಕ್ಕೆ ಆಗಲೇ ಒಂದು ಸ್ಟೆಂಟ್ ಹಾಕಿದ್ದರು, ನಮಗೆ ಅದರದ್ದೇ ಚಿಂತೆ. ಒಂದು ಬೆಳಗ್ಗೆ ಕಾಫಿ ಸೋಸುತ್ತಿದ್ದೆ. ಹಿತ್ತಲಲ್ಲಿ ಅಪ್ಪನ ದನಿ ಕೇಳಿಸಿತು. "ಅವಳಿದ್ದಿದ್ರೆ ಇಷ್ಟೊತ್ತಿಗೆ ಬೈದಿರೋಳು, ಅಲ್ವೇನೇ?" ಕಿಟಕಿಯಿಂದ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಪ್ಪ, ಅವರ ಮೊಣಕಾಲಿನ ಮೇಲೆ ಗದ್ದ ಇಟ್ಟು ಬೆಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕೂತಿದ್ದರು. ನಾನು ಕಿಟಕಿಯಿಂದ ಸರಿದುಕೊಂಡೆ.

ಜಪಾನಿನ ಅಜಾಬು ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದ್ದರು. ನಾಯಿ ಮತ್ತು ಮನೆಯವರು ಅರ್ಧ ಗಂಟೆ ಒಟ್ಟಿಗಿದ್ದ ಮೇಲೆ ಇಬ್ಬರ ಮೂತ್ರದಲ್ಲೂ ಆಕ್ಸಿಟೋಸಿನ್ ಎಷ್ಟಿದೆ ಅಂತ ಅಳೆದರು. ತಾಯಿ ಮಗುವಿಗೆ ಹಾಲೂಡುವಾಗ ಹೆಚ್ಚುವ ಹಾರ್ಮೋನು ಅದು. ಯಾರು ಹೆಚ್ಚು ಹೊತ್ತು ಒಬ್ಬರ ಕಣ್ಣನ್ನೊಬ್ಬರು ನೋಡಿದ್ದರೋ ಆ ಜೋಡಿಗಳಲ್ಲಿ ಇಬ್ಬರಲ್ಲೂ ಅದು ಏರಿತ್ತು. ಮನುಷ್ಯರೇ ಸಾಕಿದ ತೋಳಗಳಲ್ಲಿ ಏರಲಿಲ್ಲ. ಇನ್ನೊಂದು ಹಳೆಯ ಲೆಕ್ಕವೂ ಇದೆ. 1980ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಜೊತೆಯವರು 92 ಹೃದ್ರೋಗಿಗಳನ್ನು ಒಂದು ವರ್ಷ ಗಮನಿಸಿದರು. ಸಾಕುಪ್ರಾಣಿ ಇದ್ದ 53 ಜನರಲ್ಲಿ 3 ಜನ ತೀರಿಕೊಂಡರು. ಇಲ್ಲದ 39 ಜನರಲ್ಲಿ 11 ಜನ. ಆಮೇಲೆ ನಡೆದ ಅಧ್ಯಯನಗಳೆಲ್ಲ ಹೀಗೇ ಬಂದಿಲ್ಲ. ನಾಯಿ ಸಾಕಿದರೆ ಆಯಸ್ಸು ಜಾಸ್ತಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅವತ್ತು ಅಪ್ಪ ಮಾತಾಡಿದರು ಅನ್ನುವುದಷ್ಟೇ ನನಗೆ ಗೊತ್ತು.

ಬೀದಿಯ ನಾಯಿಗಳ ಮಾತು ಎತ್ತದೆ ನಮ್ಮ ದೇಶದಲ್ಲಿ ನಾಯಿಯ ಬಗ್ಗೆ ಬರೆಯಲು ಆಗುವುದಿಲ್ಲ. ಬೆಂಗಳೂರು ಒಂದರಲ್ಲೇ 2023ರ ಪಾಲಿಕೆಯ ಎಣಿಕೆಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಕಚ್ಚಿಸಿಕೊಂಡ ಮಕ್ಕಳ ಅಪ್ಪ ಅಮ್ಮಂದಿರ ಕೋಪ ನನಗೆ ಅರ್ಥವಾಗುತ್ತದೆ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೆಂದೇ ಹೇಳಬೇಕು. ಕಚ್ಚಲಿ, ಪರಚಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬಾರದು. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನು ಮಕ್ಕಳಿಗೆ ಕಲಿಸಲೇಬಾರದು. ಹೆದರಿದ ನಾಯಿ ಬೊಗಳುತ್ತದೆ, ಹೆದರಿದ ನಾಯಿಯೇ ಕಚ್ಚುತ್ತದೆ. ಮಲಗಿದ, ಉಣ್ಣುವ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬೇಡ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡ, ಓಡಬೇಡ ಅಂತ ಹೇಳಿಕೊಡಬೇಕು. ಮನೆಯ ನಾಯಿಯ ಪ್ರೀತಿಯ ನೋಟ ಬೇರೆ, ಗುರುತಿಲ್ಲದವರು ದುರುಗುಟ್ಟುವುದು ಬೇರೆ.

ಈ ಬೀದಿನಾಯಿಗಳನ್ನೇ ವರ್ಷಗಟ್ಟಲೆ ಕೂತು ನೋಡುತ್ತಿರುವವರು ಕೋಲ್ಕತ್ತಾದ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಎಂಬ ಸಂಸ್ಥೆಯ ಅನಿಂದಿತಾ ಭದ್ರ. ಜಗತ್ತಿನ ನಾಯಿ ಸಂಶೋಧನೆ ಹೆಚ್ಚಾಗಿ ಸೋಫಾದ ಮೇಲಿನ ನಾಯಿಗಳದ್ದು. ಇವರು ನಮ್ಮ ಚಹಾ ಅಂಗಡಿಯ ಮುಂದಿನ ನಾಯಿಗಳನ್ನು ಆರಿಸಿಕೊಂಡರು. ಗುರುತಿಲ್ಲದ ಮನುಷ್ಯ ಒಂದು ಬಟ್ಟಲಿನ ಕಡೆ ಕೈ ತೋರಿಸಿದರೆ ತರಬೇತಿಯೇ ಇಲ್ಲದ ಬೀದಿನಾಯಿಗೆ ಅರ್ಥವಾಗುತ್ತದಾ ಅಂತ ಅವರ ತಂಡ ಬೇರೆ ಬೇರೆ ಊರುಗಳಲ್ಲಿ 160 ನಾಯಿಗಳನ್ನು ಪರೀಕ್ಷಿಸಿತು. 2020ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಬರಲಿಲ್ಲ. ಬಂದವುಗಳಲ್ಲಿ ಶೇಕಡಾ 80ರಷ್ಟು ಕೈ ತೋರಿಸಿದ ಕಡೆಗೇ ಹೋದವು. ಹತ್ತಿರ ಬಾರದವು ಅಂಜಿಕೆಯವು. ಮನುಷ್ಯರಿಂದ ಏನು ಪೆಟ್ಟು ತಿಂದಿದ್ದವೋ. ಅದಕ್ಕೂ ಮೊದಲು, 2017ರಲ್ಲಿ, ಅವರದೇ ತಂಡ ಒಂದಷ್ಟು ನಾಯಿಗಳಿಗೆ ಹೆಚ್ಚು ತಿಂಡಿ ಕೊಟ್ಟಿತು, ಒಂದಷ್ಟು ನಾಯಿಗಳ ತಲೆ ಸವರಿತು. ಕೆಲವು ದಿನಗಳ ಮೇಲೆ ಆ ಮನುಷ್ಯನನ್ನು ಹೆಚ್ಚು ನಂಬಿ ಕೈಯಿಂದ ತಿಂದದ್ದು ತಲೆ ಸವರಿಸಿಕೊಂಡ ನಾಯಿಗಳು. ದಿನಾ ಹೊಟ್ಟೆಪಾಡಿಗೆ ಅಲೆಯುವ ಪ್ರಾಣಿ ಅದು. ನನಗೆ ಇದನ್ನು ಓದಿದ ದಿನ ಕರಿಯ ನೆನಪಾದ. ಮುದ್ದೆ ತಿಂದ ಮೇಲೂ ಅವನು ಮರಿಗೆಯ ಹತ್ತಿರ ನಿಂತಿರುತ್ತಿದ್ದ. ಅಜ್ಜಿ ಕೈ ತೊಳೆದು ಬಂದು ಅವನ ಕಿವಿಯ ಹಿಂದೆ ಒಮ್ಮೆ ಕೆರೆದ ಮೇಲೆಯೇ ಜಗಲಿಗೆ ಹೋಗುತ್ತಿದ್ದ.

ಬಹಳ ಹಿಂದೆ ಅಪ್ಪ ನನ್ನನ್ನು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಕರೆದುಕೊಂಡು ಹೋಗಿ ಒಂದು ಕಲ್ಲು ತೋರಿಸಿದ್ದರು. ಆತಕೂರಿನ ಶಾಸನ, ಈಗಿನ ಮಂಡ್ಯ ಜಿಲ್ಲೆಯದು, ಕ್ರಿ.ಶ. 949-50ರ ಕಾಲದ್ದು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಎಂಬ ವೀರನಿಗೆ ಗಂಗರ ದೊರೆ ಬೂತುಗ ಬೇಕಾದ್ದು ಕೇಳು ಅಂದನಂತೆ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಬೇಟೆಯಲ್ಲಿ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ, ಅಂದರೆ ಪೂಜಾರಿ, ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತಲೂ ಬರೆಸಿದರು. ಜರ್ಮನಿಯ ಬಾನ್ ಹತ್ತಿರದ ಓಬರ್‌ಕಾಸೆಲ್‌ನಲ್ಲಿ ಇನ್ನೂ ಹಳೆಯ ಗುರುತಿದೆ. ಸುಮಾರು 14,000 ವರ್ಷದ ಹಿಂದಿನ ಗೋರಿಯಲ್ಲಿ ಇಬ್ಬರು ಮನುಷ್ಯರ ಜೊತೆ ಒಂದು ಎಳೆಯ ನಾಯಿ. ಅದರ ಹಲ್ಲು ನೋಡಿದ ಪಶುವೈದ್ಯರು 2018ರಲ್ಲಿ ಹೇಳಿದ್ದು, ಆ ಮರಿಗೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಬಂದಿರಬೇಕು, ಯಾರೋ ವಾರಗಟ್ಟಲೆ ಆರೈಕೆ ಮಾಡದಿದ್ದರೆ ಅದು ಅಷ್ಟು ದಿನ ಉಳಿಯುತ್ತಿರಲಿಲ್ಲ ಅಂತ. ಕಾಯಿಲೆಯ ಮರಿಯಿಂದ ಆ ಜನಕ್ಕೆ ಯಾವ ಕೆಲಸವೂ ಆಗುತ್ತಿರಲಿಲ್ಲ. ನೀರು ಕುಡಿಸಿ, ಬೆಚ್ಚಗೆ ಇಟ್ಟುಕೊಂಡು ಕೂತಿದ್ದರು.

ಬೆಲ್ಲಿಗೆ ಈಗ ಹನ್ನೆರಡು ವರ್ಷ. ಮೂತಿ ಪೂರ್ತಿ ಬೆಳ್ಳಗಾಗಿದೆ. ಕಳೆದ ವರ್ಷದಿಂದ ಕಿವಿ ಕೇಳುವುದಿಲ್ಲ. ದೀಪಾವಳಿಯ ಪಟಾಕಿಗೆ ಮಂಚದ ಕೆಳಗೆ ಸೇರುತ್ತಿದ್ದವಳು ಈ ಸಲ ವರಾಂಡದಲ್ಲಿ ನಿದ್ದೆ ಹೊಡೆದಳು. ನಾವು ಕೈಸನ್ನೆಗೆ ಬದಲಾಯಿಸಿಕೊಂಡಿದ್ದೇವೆ. ಅಂಗೈ ಮೇಲೆತ್ತಿದರೆ ಬಾ, ಬಾಗಿಲ ಕಡೆ ತೋರಿಸಿದರೆ ವಾಕಿಂಗ್.

ಒಂದು ಸಲ ಅಪ್ಪ ಮಲಗಿದ್ದವಳ ಬೆನ್ನು ಸವರಲು ಹೋದಾಗ ಅವಳು ಬೆಚ್ಚಿಬಿದ್ದು ಹಲ್ಲು ತೋರಿಸಿದಳು. ಅಪ್ಪ ಬೈಯಲಿಲ್ಲ. ಮಾರನೇ ದಿನದಿಂದ ಅವರು ಹೊರಗಿನಿಂದ ಬಂದಾಗ ಚಪ್ಪಲಿ ಬಿಟ್ಟು, ಅವಳಿಂದ ನಾಲ್ಕಡಿ ದೂರದಲ್ಲಿ ನಿಂತು, ಬರಿಗಾಲಿನಿಂದ ನೆಲವನ್ನು ಮೆಲ್ಲಗೆ ಮೂರು ಸಲ ತಟ್ಟುತ್ತಾರೆ. ಆ ಅದುರು ನೆಲದ ಮೂಲಕ ಹೋಗಿ ಅವಳ ಗದ್ದಕ್ಕೆ ತಾಕುತ್ತದೆ. ಕಣ್ಣು ಬಿಡುತ್ತಾಳೆ. ಮೊದಲು ಅಪ್ಪನ ಕಾಲು ನೋಡಿ, ಆಮೇಲೆ ತಲೆ ಎತ್ತುತ್ತಾಳೆ.